ಮೀನಿನ ಮರಿಗೆ ಕಾವಲು ನಿಂತ ಕಲೆಕ್ಟರ್: ಹೆನ್ರಿ ಸಲಿವನ್ ಥಾಮಸ್ ಮತ್ತು ನಮ್ಮ ಅಳಿವೆಯ ಮರುವಾಯಿ

ಪಡೀಲ್: 2025ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡ ಪ್ರಜಾಸೌಧ ನಮ್ಮ ಪಡೀಲ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಡಿಸಿ ಆಫೀಸು ಅಂದರೆ ಸ್ಟೇಟ್ ಬ್ಯಾಂಕ್ ಹತ್ತಿರ, ಬಂದರಿನ ಮಗ್ಗುಲಲ್ಲಿ. ಅರ್ಜಿ ಕೊಡಲು ಹೋದವರು ಬರುವಾಗ ಒಂದು ಕಟ್ಟು ಬೂತಾಯಿ ಹಿಡಿದುಕೊಂಡು ಬರುತ್ತಿದ್ದ ಕಾಲ ಅದು. ಈಗ ಕಚೇರಿ ಬಂದರು ಬಿಟ್ಟು ಒಳಗೆ ಬಂದಿದೆ. ಆದರೆ ನೇತ್ರಾವತಿ ಇಲ್ಲಿಂದಲೂ ದೂರ ಇಲ್ಲ. ಕಣ್ಣೂರು, ಅಡ್ಯಾರ್ ಕಡೆ ನಾಲ್ಕು ಹೆಜ್ಜೆ ಇಳಿದರೆ ಹೊಳೆ ಕಾಣುತ್ತದೆ. ಆ ಹೊಳೆಯ ಮೀನು, ಅಳಿವೆಯ ಮರುವಾಯಿ ಎಲ್ಲದರ ಫೈಲು ಒಂದಲ್ಲ ಒಂದು ದಿನ ಈ ಕಟ್ಟಡದ ಮೆಟ್ಟಿಲು ಹತ್ತಲೇಬೇಕು.

ಹಾಗಾಗಿ ಇದೇ ಕುರ್ಚಿಯಲ್ಲಿ ಸುಮಾರು 150 ವರ್ಷದ ಹಿಂದೆ ಕುಳಿತಿದ್ದ ಒಬ್ಬರ ಕಥೆ ಇಲ್ಲಿನವರಿಗೆ ಗೊತ್ತಿರಬೇಕು ಅಂತ ಕಾಣುತ್ತದೆ. ಅವರ ಹೆಸರು ಹೆನ್ರಿ ಸಲಿವನ್ ಥಾಮಸ್. ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸದವರಲ್ಲಿ ಇವತ್ತಿಗೂ ಇಂಗ್ಲೆಂಡಿನಿಂದ ಕೊಡಗಿನವರೆಗೆ ಈ ಹೆಸರು ಓಡುತ್ತದೆ. ಅವರು ಕಲೆಕ್ಟರ್ ಆಗಿದ್ದ ಊರಿನ ನಮಗೇ ಹೆಚ್ಚು ಗೊತ್ತಿಲ್ಲ ಅಷ್ಟೆ.

ದಕ್ಷಿಣ ಕನ್ನಡಕ್ಕೆ ಬಂದದ್ದು

ಆಗ ನಮ್ಮದು ಮದ್ರಾಸ್ ಪ್ರಾಂತ್ಯ. ಮೊದಲು ಕಾರವಾರದಿಂದ ಕಾಸರಗೋಡಿನವರೆಗೆ ಇಡೀ ಕರಾವಳಿ ಕೆನರಾ ಎಂಬ ಒಂದೇ ಜಿಲ್ಲೆ. 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಮಂಗಳೂರು ಅದರ ಕೇಂದ್ರ. ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ. 1870ರ ಆಸುಪಾಸಿನಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದರು.

ಕಲೆಕ್ಟರ್ ಕೆಲಸ ಅಂದರೆ ಕಂದಾಯ, ಜಮಾಬಂದಿ, ಉಪ್ಪು, ಕಾಡು, ಬಂದರು. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅದಕ್ಕೂ 30 ವರ್ಷಕ್ಕಿಂತ ಮೊದಲಿನ ಮಾತು ಇದು. ಸರ್ಕೀಟು ಹೊರಟರೆ ಕುದುರೆ, ಇಲ್ಲದಿದ್ದರೆ ದೋಣಿ, ಎರಡೂ ಇಲ್ಲದಿದ್ದರೆ ಕಾಲ್ನಡಿಗೆ. ಘಟ್ಟದ ಬುಡದಿಂದ ಅಳಿವೆಯವರೆಗೆ ಹೊಳೆಯ ದಾರಿಯೇ ದಾರಿ. ಥಾಮಸರಿಗೆ ಗಾಳದ ಹುಚ್ಚು ಬೇರೆ ಇತ್ತು. ಟೆಂಟು ಹಾಕಿದಲ್ಲೆಲ್ಲ ಹೊಳೆಗೆ ಇಳಿಯುವವರು. ಹೀಗಾಗಿ ಒಬ್ಬ ಕಂದಾಯ ಅಧಿಕಾರಿಯ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಸಂಗತಿ ಇವರ ಕಣ್ಣಿಗೆ ಬಿತ್ತು. ಹೊಳೆಯಲ್ಲಿ ಮೀನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಹಾಳು ಮಾಡುತ್ತಿದ್ದಾರೆ ಎಂಬುದು ಆ ಸಂಗತಿ.

ಏನು ನಡೆಯುತ್ತಿತ್ತು

ಉಬರ್ ಮೀನು ಅಂದರೆ ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ. ಮೊದಲ ಮಳೆಗೆ ಹೊಳೆ ಕೆಂಪಾದಾಗ ಮೀನು ತೋಡು, ಗದ್ದೆ ಹತ್ತಿ ಬರುತ್ತದೆ. ಹೊಟ್ಟೆ ತುಂಬ ಮೊಟ್ಟೆ ಇರುವ ಕಾಲ ಅದು. ಆಗಲೇ ಕಟ್ಟ ಹಾಕಿ, ಬಾಯಿಗೆ ಬಿದಿರಿನ ಕೂಳಿ ಇಟ್ಟರೆ ಬರುವಾಗಿನ ತಾಯಿ ಮೀನು, ಹಿಂದೆ ಹೋಗುವಾಗಿನ ಮರಿ ಎರಡೂ ಸಿಕ್ಕಿಬಿಡುತ್ತವೆ. ಬೇಸಿಗೆಯಲ್ಲಿ ನೀರು ಇಳಿದು ಗುಂಡಿಗಳಲ್ಲಿ ಮೀನು ನಿಂತಾಗ ಕಾಕಮಾರಿ ಬೀಜವನ್ನೋ ಕಾರೆಕಾಯಿಯನ್ನೋ ಜಜ್ಜಿ ಹಾಕಿದರೆ ಗುಂಡಿಯೇ ಖಾಲಿ. ತಿನ್ನಲು ಬೇಕಾದದ್ದು ಒಂದು ಬುಟ್ಟಿ, ಸತ್ತು ಹೊಟ್ಟೆ ಮೇಲಾಗಿ ತೇಲುವುದು ಹತ್ತು ಬುಟ್ಟಿ.

ಥಾಮಸ್ ಇದನ್ನೆಲ್ಲ ನೋಡಿ ಸುಮ್ಮನಾಗಲಿಲ್ಲ. ಲೆಕ್ಕ ಹಾಕಿದರು, ಜನರನ್ನು ಕೇಳಿದರು, ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ಮರಿ ಯಾವ ತಿಂಗಳು ಎಲ್ಲಿರುತ್ತದೆ ಎಂದು ನೋಡಿ ಬರೆದರು. ದಕ್ಷಿಣ ಕೆನರಾದ ಮೀನು ಸಾಕಣೆಯ ಬಗ್ಗೆ ಅವರು ಕೊಟ್ಟ ವರದಿ 1870ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದು ಜಿಲ್ಲೆಯ ಹೊಳೆ ಮೀನಿನ ಬಗ್ಗೆ ಕಲೆಕ್ಟರ್ ಬರೆದದ್ದು ವಿಲಾಯತಿಯವರೆಗೆ ಹೋಯಿತು ಅಂದರೆ ಆ ಕಾಲಕ್ಕೆ ಸಣ್ಣ ಸಂಗತಿ ಅಲ್ಲ.

ಅವರ ವಾದ ನಮ್ಮ ಅಂಗಡಿಯವರಿಗೆ ಕೂಡಲೇ ಅರ್ಥ ಆಗುವಂಥದ್ದು. ಮೊಟ್ಟೆ ಇಡುವ ಮೀನು ಅಸಲು, ಪ್ರತಿ ವರ್ಷ ಹುಟ್ಟಿ ಬೆಳೆಯುವ ಮೀನು ಬಡ್ಡಿ. ಬಡ್ಡಿ ತಿಂದರೆ ಮೊಮ್ಮಕ್ಕಳವರೆಗೆ ಬರುತ್ತದೆ. ಅಸಲಿಗೇ ಕೈ ಹಾಕಿದರೆ ನಾಲ್ಕು ವರ್ಷದಲ್ಲಿ ಅಂಗಡಿ ಬಾಗಿಲು ಹಾಕಬೇಕು. ಗದ್ದೆಗೆ ಬೀಜ ಬಿತ್ತಬೇಕು, ಗೊಬ್ಬರ ಹಾಕಬೇಕು. ಹೊಳೆಗೆ ಅದೇನೂ ಬೇಡ. ಬೆಳೆಯುವುದಕ್ಕೆ ಬಿಟ್ಟರೆ ಸಾಕು.

ಈ ಲೆಕ್ಕದ ಮೇಲೆ ತಮ್ಮ ಅಧಿಕಾರದಲ್ಲಿ ಆಗುವಷ್ಟನ್ನು ಜಿಲ್ಲೆಯಲ್ಲಿ ಮಾಡಿ ನೋಡಿದರು. ವಿಷ ಹಾಕುವುದಕ್ಕೆ ತಡೆ, ಹೊಳೆಗೆ ಅಡ್ಡ ಕಟ್ಟಿ ಮರಿ ಸಮೇತ ಬಾಚುವ ಕೂಳಿಗಳಿಗೆ ತಡೆ. ಬಲೆಯ ಕಣ್ಣು ದೊಡ್ಡದಿರಬೇಕು, ಮರಿ ದಾಟಿ ಹೋಗಬೇಕು ಎಂಬುದು ಅವರ ಹಟ.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

1873ರಲ್ಲಿ ಥಾಮಸ್ ಬರೆದ ದಿ ರಾಡ್ ಇನ್ ಇಂಡಿಯಾ ಎಂಬ ಪುಸ್ತಕ ಹೊರಬಂತು. ಅದನ್ನು ಅಚ್ಚು ಮಾಡಿದ್ದು ಲಂಡನ್ ಅಲ್ಲ, ಮದ್ರಾಸ್ ಅಲ್ಲ, ನಮ್ಮ ಮಂಗಳೂರು. ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದದ್ದು, ಕಿಟ್ಟೆಲರ ನಿಘಂಟನ್ನು 1894ರಲ್ಲಿ ಪ್ರಕಟಿಸಿದ್ದು ಇದೇ ಮಿಶನ್.

ಹೊರಗೆ ನೋಡಿದರೆ ಅದು ಗಾಳ ಹಾಕುವವರಿಗೆ ಕೈಪಿಡಿ. ಯಾವ ಮೀನಿಗೆ ಯಾವ ಕೊಕ್ಕೆ, ಎಂಥ ದಾರ, ಯಾವ ಹೊತ್ತು ಎಂಬ ವಿವರ. ಮಹಸೀರ್, ಅಂದರೆ ನಮ್ಮ ಕಡೆಯ ಪೆರುವೊಲು, ಅದರ ನಾಯಕ. ಆದರೆ ಮೀನಿನ ಜೀವನ, ಅದರ ಬೆಲೆ, ಅದನ್ನು ಉಳಿಸಿ ಬೆಳೆಸುವ ದಾರಿ ಇವೂ ಅದರಲ್ಲಿ ಇವೆ. 1881ರಲ್ಲಿ ಎರಡನೆಯ, 1897ರಲ್ಲಿ ಮೂರನೆಯ ಆವೃತ್ತಿ ಬಂತು. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆ ಇನ್ನೊಂದು ಪುಸ್ತಕ ಬರೆದರು.

ಅದೇ ಕಾಲದಲ್ಲಿ ಭಾರತದ ಮೀನುಗಳ ದೊಡ್ಡ ಪಟ್ಟಿ ಮಾಡುತ್ತಿದ್ದವರು ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯರು. ದೇಶದ ಸಮುದ್ರ ಮೀನು ಮತ್ತು ಸಿಹಿನೀರು ಮೀನಿನ ಬಗ್ಗೆ ಅವರ ಎರಡು ವರದಿಗಳು 1873ರಲ್ಲಿ ಬಂದವು. ನಮ್ಮ ಜಿಲ್ಲೆಯ ಹೊಳೆಯಲ್ಲಿ ಸಿಕ್ಕ ಒಂದು ಜಾತಿಯ ಮೀನಿಗೆ ಡೇ 1874ರಲ್ಲಿ ಥಾಮಸರ ಹೆಸರನ್ನೇ ಇಟ್ಟರು. ಇವತ್ತಿಗೂ ಅದರ ವೈಜ್ಞಾನಿಕ ಹೆಸರು ಹಿಪ್ಸೆಲೊಬಾರ್ಬಸ್ ಥಾಮಸ್ಸಿ. ಆ ಮೀನೇ ಈಗ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಮೀನು ಉಳಿಸಲು ಓಡಾಡಿದವರ ಹೆಸರಿನ ಮೀನಿಗೇ ಈ ಗತಿ.

ಮುತ್ತಿನ ಚಿಪ್ಪು ಮತ್ತು ಶಂಖ

ಮಂಗಳೂರಿನಿಂದ ಹೋದ ಮೇಲೆ ಥಾಮಸ್ ಮದ್ರಾಸಿನ ರೆವೆನ್ಯೂ ಬೋರ್ಡಿನ ಸದಸ್ಯರಾದರು. ಇಡೀ ಪ್ರಾಂತ್ಯದ ಕಂದಾಯ ನೋಡಿಕೊಳ್ಳುವ ಹುದ್ದೆ ಅದು. ಅಲ್ಲಿ ಅವರ ಎದುರು ಬಂದದ್ದು ಚಿಪ್ಪಿನ ಪ್ರಶ್ನೆ. 1884ರಲ್ಲಿ ಮುತ್ತಿನ ಚಿಪ್ಪು ಮತ್ತು ಶಂಖದ ಮೀನುಗಾರಿಕೆಯ ಬಗ್ಗೆ ಅವರ ವರದಿ ಮದ್ರಾಸಿನಲ್ಲಿ ಅಚ್ಚಾಯಿತು.

ತೂತುಕುಡಿ ಸಮುದ್ರದಲ್ಲಿ ಮುತ್ತಿನ ಚಿಪ್ಪಿನ ಹಾಸುಗಳು ಉಂಟು. ಸರ್ಕಾರಕ್ಕೆ ಅದರಿಂದ ಒಳ್ಳೆಯ ಆದಾಯ ಬರುತ್ತಿತ್ತು. 1860ರಿಂದ 1862ರವರೆಗೆ ಮುಳುಗುಗಾರರು ಚಿಪ್ಪು ತೆಗೆದರು. ಆಮೇಲೆ ಹಾಸು ಖಾಲಿ. ಮತ್ತೆ ಮುತ್ತಿನ ಸುಗ್ಗಿ ಆದದ್ದು 1889ರಲ್ಲಿ. ನಡುವೆ 27 ವರ್ಷ ಏನೂ ಇಲ್ಲ. ಥಾಮಸ್ ವರದಿ ಬರೆದದ್ದು ಈ ಬರಗಾಲದ ನಡುವೆ. ಚಿಪ್ಪು ಮೀನಿನ ಹಾಗೆ ಓಡಿ ಹೋಗುವುದಿಲ್ಲ. ಮರಿಯಾಗಿದ್ದಾಗ ನೀರಿನಲ್ಲಿ ತೇಲಿ, ಒಂದು ಕಡೆ ಕೂತ ಮೇಲೆ ಅಲ್ಲೇ ಅದರ ಬದುಕು. ಪ್ರವಾಹ ಬಂದು ಮರಳು ಮುಚ್ಚಿದರೆ ಮುಗಿಯಿತು. ದೊಡ್ಡ ಮೀನು ಬಂದು ತಿಂದರೂ ಮುಗಿಯಿತು. ಮನುಷ್ಯ ಅವಸರ ಮಾಡಿದರೂ ಅಷ್ಟೆ.

ಅಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಮೊದಲು ಮುಳುಗುಗಾರರನ್ನು ಇಳಿಸಿ ಮಾದರಿಗೆ ಸ್ವಲ್ಪ ಚಿಪ್ಪು ತೆಗೆಯುವುದು, ಪ್ರಾಯ ಎಷ್ಟು, ಹಾಸಿನಲ್ಲಿ ಎಷ್ಟು ಉಂಟು ಎಂದು ನೋಡುವುದು. ಬೆಳೆದಿದ್ದರೆ ಮಾತ್ರ ಸುಗ್ಗಿಗೆ ದಿನ ಗೊತ್ತು ಮಾಡುವುದು. ಮೊದಲು ಎಣಿಸಿ ಆಮೇಲೆ ತೆಗೆಯುವ ಈ ಕ್ರಮ ಮುತ್ತಿಗೆ ಇತ್ತು, ಯಾಕೆಂದರೆ ಮುತ್ತು ಸರ್ಕಾರದ ಬೊಕ್ಕಸಕ್ಕೆ ಬರುವ ಮಾಲು. ಬಡವರ ಅನ್ನದ ಪಕ್ಕದ ಮರುವಾಯಿಗೆ ಅಂಥ ಕ್ರಮ ಯಾರೂ ಮಾಡಲಿಲ್ಲ.

ಕಾನೂನು ಬಂತು

ಥಾಮಸ್, ಡೇ ಅಂಥವರು ಬರೆದೂ ಬರೆದೂ ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಮೊದಲ ವರದಿಯಿಂದ ಲೆಕ್ಕ ಹಾಕಿದರೆ 27 ವರ್ಷ. ಸರ್ಕಾರದ ಕೆಲಸ ಆಗಲೂ ನಿಧಾನವೇ. ಆ ಹೊತ್ತಿಗೆ ಹೊಳೆಗೆ ಕಾಕಮಾರಿ ಮಾತ್ರ ಅಲ್ಲ, ತೋಟೆ ಕೂಡ ಬಂದಿತ್ತು. ಡೈನಮೈಟ್ ಬಂದದ್ದು 1867ರಲ್ಲಿ, ಥಾಮಸರ ಕಾಲದಲ್ಲೇ.

ಕಾಯ್ದೆ ಚಿಕ್ಕದು, ಆದರೆ ಅದರೊಳಗೆ ನಮಗೆ ಬೇಕಾದ ಮೂರು ವಿಷಯ ಉಂಟು. ಒಂದು, ಮೀನು ಅಂದರೆ ಚಿಪ್ಪು ಮೀನೂ ಸೇರಿತು ಎಂದು ಅದರಲ್ಲೇ ಬರೆದಿದೆ. ಮರುವಾಯಿ, ಪಚ್ಚಿಲೆ ಎಲ್ಲ ಅದರೊಳಗೆ ಬಂತು. ಎರಡು, ನೀರು ಅಂದರೆ ಹೊಳೆ ಮಾತ್ರ ಅಲ್ಲ, ದಡದಿಂದ ಒಂದು ಲೀಗ್, ಅಂದರೆ ಸುಮಾರು ಐದೂವರೆ ಕಿಲೋಮೀಟರ್‌ವರೆಗಿನ ಸಮುದ್ರವೂ ಸೇರಿತು. ತೋಟೆ ಹಾಕಿದರೆ, ವಿಷ, ಸುಣ್ಣ ಅಥವಾ ಹಾನಿಕಾರಕ ವಸ್ತು ಬಿಟ್ಟು ಮೀನು ಕೊಂದರೆ ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ. ಆ ಕಾಲದ 200 ರೂಪಾಯಿ ಸಣ್ಣ ಮೊತ್ತ ಅಲ್ಲ. ಮೂರು, ಬಲೆಯ ಕಣ್ಣಿನ ಅಳತೆ ಗೊತ್ತು ಮಾಡಲು, ಅಡ್ಡಗಟ್ಟೆ ಕೂಳಿ ತಡೆಯಲು, ಒಂದು ನಿರ್ದಿಷ್ಟ ಜಾಗದಲ್ಲಿ ಎರಡು ವರ್ಷದವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಲು ಪ್ರಾಂತ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಥಾಮಸ್ ದಕ್ಷಿಣ ಕೆನರಾದಲ್ಲಿ ಮಾಡಿ ನೋಡಿದ್ದರ ನೆರಳು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1907ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಕೈಯಲ್ಲಿ ಮದ್ರಾಸ್ ಮೀನುಗಾರಿಕಾ ಬ್ಯೂರೋ ಶುರುವಾಯಿತು. ಸ್ವಾತಂತ್ರ್ಯದ ನಂತರ 1969ರಲ್ಲಿ ಮಂಗಳೂರಿಗೆ ಮೀನುಗಾರಿಕಾ ಕಾಲೇಜು ಬಂತು. 1986ರಲ್ಲಿ ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಆಯಿತು. ಈಗ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಧಕ್ಕೆಯಲ್ಲಿ ನಿಲ್ಲುತ್ತವೆ. ಮಳೆಗಾಲದಲ್ಲಿ ಮೀನು ಮರಿ ಮಾಡಲಿ ಎಂಬ ಹಳೆಯ ಮಾತಿಗೆ ಸಿಕ್ಕ ಈಗಿನ ರೂಪ ಇದು.

ಅವರಿಗೆ ಕಾಣದೆ ಹೋದದ್ದು

ಥಾಮಸರನ್ನು ದೇವರು ಮಾಡಬೇಕಾಗಿಲ್ಲ. ಅವರು ಆಳುವವರ ಕಡೆಯ ಮನುಷ್ಯ. ಗಾಳದ ಮೋಜಿಗೆ ದೊಡ್ಡ ಮೀನು ಬೇಕು ಎಂಬ ಆಸೆಯೂ ಅವರಿಗೆ ಇತ್ತು. ಗದ್ದೆಯ ಅಂಚಿನಲ್ಲಿ ಒಂದು ಕೂಳಿ ಇಟ್ಟು ರಾತ್ರಿಯ ಗಂಜಿಗೆ ನಾಲ್ಕು ಮೀನು ಹಿಡಿಯುವ ಒಕ್ಕಲಿಗೆ ಮೇಲಿಂದ ಬಂದ ತಡೆ ನ್ಯಾಯ ಅನಿಸಿರಲಿಕ್ಕಿಲ್ಲ. ಸಾಹೇಬರ ಗಾಳಕ್ಕೆ ತಡೆ ಇಲ್ಲ, ಬಡವನ ಕೂಳಿಗೆ ಮಾತ್ರ ತಡೆ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಇನ್ನೊಂದು ಕಡೆ ಉಪ್ಪು ಸರ್ಕಾರದ್ದೇ ಏಕಸ್ವಾಮ್ಯ, ತೆರಿಗೆ ಸೇರಿ ದುಬಾರಿ. ಮೀನು ಒಣಗಿಸುವವರಿಗೆ ಸಾಕಷ್ಟು ಉಪ್ಪು ಹಾಕಲು ಆಗುತ್ತಿರಲಿಲ್ಲ. ಮೀನು ಕೆಟ್ಟು ಹೋಗುತ್ತಿತ್ತು. ಮುಂದೆ ಸರ್ಕಾರವೇ ಮೀನು ಉಪ್ಪು ಹಾಕುವ ಯಾರ್ಡುಗಳನ್ನು ತೆರೆದು ಅಲ್ಲಿ ತೆರಿಗೆ ಇಲ್ಲದ ಉಪ್ಪು ಕೊಡಬೇಕಾಯಿತು. ಹಿಡಿಯುವವನಿಗೆ ಸರಿಯಾದ ಬೆಲೆ ಸಿಗದಿದ್ದರೆ ಅವನು ಮರಿ ಬಿಡುವುದಿಲ್ಲ ಎಂಬ ಪಾಠ ಅದರಲ್ಲಿತ್ತು.

ಮೇಲಿನ ಆಜ್ಞೆ ಮಾತ್ರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಉಂಟು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೊಲು ಮೀನನ್ನು ಜನ ದೇವರ ಮೀನು ಅಂತ ಅಕ್ಕಿ, ಪುರಿ ಹಾಕಿ ಸಾಕಿಕೊಂಡು ಬಂದಿದ್ದಾರೆ. ಯಾವ ಕಲೆಕ್ಟರೂ ಅಲ್ಲಿ ಕಾವಲು ಹಾಕಿಲ್ಲ, ಊರೇ ಕಾವಲು. 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಕಾಯ್ದೆ ಬಂದು 99 ವರ್ಷ ಆಗಿತ್ತು, ಅದು ವಿಷವನ್ನು ತಡೆಯಲಿಲ್ಲ. ಆದರೆ ಊರಿನವರು ಬಿಡಲಿಲ್ಲ. ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಉಳಿದ ಮೀನುಗಳನ್ನು ಮತ್ತೆ ಕಾದರು. ಈಗ ಅಲ್ಲಿ ಮೀನು ಉಂಟು. ಕಪಿಲೆಯ ನೀರು ಕೊನೆಗೆ ನೇತ್ರಾವತಿಗೇ ಬರುವುದು, ನಮ್ಮ ಅಡ್ಯಾರ್ ದಾಟಿ ಅಳಿವೆಗೆ ಹೋಗುವುದು.

ಈಗ ಮರುವಾಯಿಯ ಸರದಿ

ಅಳಿವೆ ಅಂದರೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಕೂಡಿ ಸಮುದ್ರ ಸೇರುವ ಜಾಗ. ಹಳೆ ಬಂದರು ಇರುವುದೂ ಅಲ್ಲೇ. ಸಿಹಿನೀರು, ಉಪ್ಪುನೀರು ಕಲೆಯುವ ಆ ಮರಳು ಮಿಶ್ರಿತ ಕೆಸರಿನಲ್ಲಿ ಮರುವಾಯಿ ಬೆಳೆಯುತ್ತದೆ. ನೀರು ಇಳಿದಾಗ ಗಂಡಸರು, ಹೆಂಗಸರು ಇಳಿದು ಕೈಯಲ್ಲಿ, ಕಾಲಲ್ಲಿ ತಡಕಿ ತೆಗೆಯುತ್ತಾರೆ. ಬೋಟು ಬೇಡ, ಡೀಸೆಲ್ ಬೇಡ, ಸಾಲ ಬೇಡ. ಮಾಂಸ ನಮ್ಮ ಮನೆಯ ಸುಕ್ಕಕ್ಕೆ, ಪುಂಡಿಗೆ. ಚಿಪ್ಪು ಸುಣ್ಣಕ್ಕೆ. ಒಂದು ಬುಟ್ಟಿ ಮರುವಾಯಿಯ ಹಿಂದೆ ಒಂದು ಮನೆಯ ಆ ದಿನದ ಅಕ್ಕಿ ಉಂಟು.

ಇದಕ್ಕೆ ಅಪಾಯ ಮೂರು ದಿಕ್ಕಿನಿಂದ. ಮರಳು ತೆಗೆದರೆ ಮರುವಾಯಿಯ ಮನೆಯೇ ಹೋಯಿತು. ಕೊಳಚೆ ನೀರು ಬಿಟ್ಟರೆ ಅದು ಓಡಿ ಹೋಗಲು ಆಗುವುದಿಲ್ಲ. ನೀರು ಸೋಸಿಯೇ ಅದರ ಊಟ, ಹಾಗಾಗಿ ಹೊಲಸು ಅದರ ಹೊಟ್ಟೆಯಲ್ಲೇ ಉಳಿದು ನಮ್ಮ ತಟ್ಟೆಗೆ ಬರುತ್ತದೆ. ಮೂರನೆಯದು ನಾವೇ. ಬೆರಳಿನ ಉಗುರಿನಷ್ಟು ಚಿಕ್ಕದನ್ನೂ ಬಾಚಿ ತಂದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ?

ಇದಕ್ಕೆ ದಾರಿ ಇಲ್ಲ ಅಂತ ಅಲ್ಲ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಮರುವಾಯಿಯ ಹತ್ತಿರದ ಜಾತಿ ಸಿಗುತ್ತದೆ. ಅಲ್ಲಿನವರು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮುಟ್ಟುವುದಿಲ್ಲ. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದು ಎಂಬ ನಿಯಮ ಮಾಡಿಕೊಂಡಿದ್ದಾರೆ. ತೆಗೆಯುವವರು, ವಿಜ್ಞಾನಿಗಳು, ಜಿಲ್ಲಾಡಳಿತ ಒಟ್ಟಿಗೆ ಕೂತು ಮಾಡಿದ ನಿಯಮ ಅದು. 2014ರಲ್ಲಿ ಆ ಮೀನುಗಾರಿಕೆಗೆ ಎಂಎಸ್‌ಸಿ ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಥಾಮಸ್ ಹೇಳಿದ್ದ ಬಲೆಯ ಕಣ್ಣೇ ಅಲ್ಲಿ ಕೆಲಸ ಮಾಡಿತು. ಥಾಮಸರು ಮಾಡದೆ ಬಿಟ್ಟದ್ದನ್ನು, ಅಂದರೆ ತೆಗೆಯುವವರನ್ನೇ ಜೊತೆಗೆ ಕೂರಿಸಿಕೊಂಡದ್ದನ್ನು, ಅವರು ಸೇರಿಸಿದರು.

ನಾವು ಮಾಡಬಹುದಾದದ್ದು ಕೂಡ ಉಂಟು. ಮಾರುಕಟ್ಟೆಯಲ್ಲಿ ತೀರಾ ಚಿಕ್ಕ ಮರುವಾಯಿ ಕಂಡರೆ ಬೇಡ ಅನ್ನಬಹುದು. ಹೋಟೆಲಿನವರು ದೊಡ್ಡದಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೆ ತೆಗೆಯುವವರೇ ಚಿಕ್ಕದನ್ನು ನೀರಿಗೆ ಬಿಡುತ್ತಾರೆ. ತೋಡಿಗೆ ಕಸ, ಎಣ್ಣೆ ಸುರಿಯದಿದ್ದರೆ ಅದೂ ಒಂದು ಕಾವಲೇ, ಯಾಕೆಂದರೆ ಪಡೀಲ್‌ನ ತೋಡಿನ ನೀರು ಹೋಗುವುದು ಹೊಳೆಗೇ. ಉಳಿದದ್ದನ್ನು ಮಾಡಬೇಕಾದವರು ಈಗ ನಮ್ಮ ಊರಲ್ಲೇ ಕೂತಿದ್ದಾರೆ. ಅಳಿವೆಯ ಮರುವಾಯಿ ಹಾಸು ಎಲ್ಲೆಲ್ಲಿ ಉಂಟು ಎಂದು ಎಣಿಸಿ ಗುರುತು ಮಾಡುವುದು, ಅಲ್ಲಿ ಮರಳಿಗೆ ಕೈ ಹಾಕದಂತೆ ನೋಡಿಕೊಳ್ಳುವುದು, ತೆಗೆಯುವವರನ್ನು ಕರೆದು ಬಿಡುವಿನ ತಿಂಗಳು ಯಾವುದೆಂದು ಅವರಿಂದಲೇ ಕೇಳುವುದು. ಮುತ್ತಿಗೆ ಮಾಡಿದ ಲೆಕ್ಕವನ್ನು ಮರುವಾಯಿಗೂ ಮಾಡಿದರೆ ಸಾಕು.

150 ವರ್ಷದ ಹಿಂದೆ ಕುದುರೆ ಮೇಲೆ ತಿರುಗುತ್ತಿದ್ದ ಒಬ್ಬ ಕಲೆಕ್ಟರ್ ಘಟ್ಟದ ಹೊಳೆಯ ಮೀನಿನ ಮರಿಯ ಬಗ್ಗೆ ಲಂಡನ್ನಿನವರೆಗೆ ವರದಿ ಮುಟ್ಟಿಸಿದರು. ಅಳಿವೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರ ಅರ್ಜಿ ಪಡೀಲ್‌ವರೆಗೆ ಬಂದರೆ ಸಾಕು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ.